ಚಿಕ್ಕಪ್ಪನ ಅಟಾರಿಯನ್ನು ಗುಜರಿಗೆ ಕೊಡಬೇಡಿ

ಪ್ರಶ್ನೆ: ತೀರಿಕೊಂಡ ಚಿಕ್ಕಪ್ಪನ ಸ್ಟುಡಿಯೋದಿಂದ ಅಟಾರಿ 1040 ಎಸ್‌ಟಿ ಕಂಪ್ಯೂಟರ್, ಕಪ್ಪು-ಬಿಳುಪು ಮಾನಿಟರ್ ಮತ್ತು ಒಂದು ಪೆಟ್ಟಿಗೆ ಫ್ಲಾಪಿಗಳು ನನಗೆ ಬಂದಿವೆ. ನಾನು ಲ್ಯಾಪ್‌ಟಾಪಿನಲ್ಲಿ ಸಂಗೀತ ಸಂಯೋಜಿಸುತ್ತೇನೆ, ಎರಡು ಸಿಂಥಸೈಜರ್‌ಗಳಿವೆ. ಕೇವಲ 1 ಮೆಗಾಬೈಟ್ ಮೆಮೊರಿಯ ಈ ಯಂತ್ರದಿಂದ ನನಗೇನು ಉಪಯೋಗ?

ಉತ್ತರ: ಸಿಂಥಸೈಜರ್‌ಗಳಿವೆ ಎಂದಿರಲ್ಲ, ಹಾಗಾದರೆ ಖಂಡಿತ ಉಪಯೋಗವಿದೆ. ಯಂತ್ರದ ಪಕ್ಕದಲ್ಲಿ ಎರಡು ದುಂಡನೆಯ ಕಿಂಡಿಗಳನ್ನು ನೋಡಿ. ಅವು ಮಿಡಿ ಪೋರ್ಟ್‌ಗಳು, ಅಂದರೆ ಯಾವ ಸ್ವರವನ್ನು ಯಾವಾಗ ನುಡಿಸಬೇಕೆಂಬ ಆದೇಶವನ್ನು ಕಂಪ್ಯೂಟರ್ ಮತ್ತು ಸಿಂಥಸೈಜರ್‌ಗಳ ನಡುವೆ ಸಾಗಿಸುವ ದಾರಿಗಳು. 1985ರಲ್ಲಿ ಬಂದ ಎಸ್‌ಟಿ ಸರಣಿಯಲ್ಲಿ ಅವನ್ನು ಕಾರ್ಖಾನೆಯಲ್ಲೇ ಜೋಡಿಸಿದ್ದರು; ಉಳಿದ ಕಂಪ್ಯೂಟರ್‌ಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಸಾಧನ ಕೊಳ್ಳಬೇಕಿತ್ತು. ಸಂಗೀತಗಾರರು ಇದಕ್ಕೆ ಮುಗಿಬಿದ್ದದ್ದು ಅದರಿಂದಲೇ. ಸಂಗೀತ ಸಂಯೋಜನೆಯ ತಂತ್ರಾಂಶ ಕ್ಯೂಬೇಸ್ ಮೊದಲು ಹುಟ್ಟಿದ್ದು ಎಸ್‌ಟಿಯ ಮೇಲೆ, 1989ರಲ್ಲಿ. ಅಂಥದೇ ಇನ್ನೊಂದು ತಂತ್ರಾಂಶ, ಇಂದಿನ ಲಾಜಿಕ್‌ನ ಪೂರ್ವಜ ನೊಟೇಟರ್ ಕೂಡ ಇಲ್ಲಿಯದೇ. 1993ರ ಹೊತ್ತಿಗೆ ಅಟಾರಿ ಈ ಸರಣಿಯನ್ನು ಕೈಬಿಟ್ಟಿತು, ಆದರೆ ಫ್ಯಾಟ್‌ಬಾಯ್ ಸ್ಲಿಮ್ ಎಂದು ಹೆಸರಾದ ನಾರ್ಮನ್ ಕುಕ್ ಅಂಥವರು ಅದರ ನಂತರವೂ ವರ್ಷಗಟ್ಟಲೆ ಇದರಲ್ಲೇ ಹಾಡು ಕಟ್ಟಿದರು.

ನನಗೆ ಈ ಯಂತ್ರದ ಮೇಲೆ ಇರುವ ಗೌರವಕ್ಕೆ ಕಾರಣ ಅದರ ಲಯಶುದ್ಧಿ. ನಿಮ್ಮ ಲ್ಯಾಪ್‌ಟಾಪಿನಿಂದ ಹೊರಡುವ ಸ್ವರದ ಆದೇಶ ಆಪರೇಟಿಂಗ್ ಸಿಸ್ಟಂ, ಡ್ರೈವರ್, ಯುಎಸ್‌ಬಿ ಎಲ್ಲವನ್ನೂ ದಾಟಿ ಬರಬೇಕು. ಪ್ರತಿ ಹಂತದಲ್ಲೂ ಬೇರೆ ಕೆಲಸಗಳ ನಡುವೆ ಸರದಿ ಕಾಯಬೇಕು. ಆ ವಿಳಂಬ ಪ್ರತಿ ಸಲ ಒಂದೇ ಅಳತೆಯಲ್ಲಿದ್ದರೆ ಸರಿಪಡಿಸಬಹುದಿತ್ತು, ಆದರೆ ಅದು ಏರಿಳಿಯುತ್ತದೆ. ಡ್ರಂ ಪೆಟ್ಟು ಸಡಿಲವೆನಿಸುವುದು ಇಂಥ ಏರಿಳಿತದಿಂದಲೇ. ಎಸ್‌ಟಿಯಲ್ಲಿ 8 ಮೆಗಾಹರ್ಟ್ಸ್‌ನ ಪ್ರೊಸೆಸರ್ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಓಡಿಸುತ್ತದೆ, ಮಿಡಿ ಚಿಪ್ ನೇರವಾಗಿ ಅದರ ಕೈಯಳತೆಯಲ್ಲಿದೆ. ತಾಳ ಹಾಕಲು ಕುಳಿತವನಿಗೆ ಬೇರಾವ ಗೊಡವೆಯೂ ಇಲ್ಲದಂತೆ.

ಇದಕ್ಕೂ ಮಿತಿಯಿದೆ. ಮಿಡಿ ತಂತಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರದ ಪೂರ್ಣ ಆದೇಶಕ್ಕೆ ಸುಮಾರು 1 ಮಿಲಿಸೆಕೆಂಡ್ ಬೇಕು. ಹತ್ತಾರು ಸ್ವರಗಳನ್ನು ಒಂದೇ ಕ್ಷಣಕ್ಕೆ ತುರುಕಿದರೆ ಯಾವ ಕಂಪ್ಯೂಟರ್ ಆದರೂ ಅವು ಸಾಲಾಗಿಯೇ ಹೋಗುತ್ತವೆ. ಇನ್ನು ಧ್ವನಿಮುದ್ರಣ, ಹಾಡುಗಾರಿಕೆ ಇವನ್ನೆಲ್ಲ ಲ್ಯಾಪ್‌ಟಾಪಿಗೇ ಬಿಡಿ. ಅಟಾರಿ ಸಿಂಥಸೈಜರ್‌ಗಳನ್ನು ನುಡಿಸಲಿ.

ಪ್ರಶ್ನೆ: ಇದನ್ನು ಮತ್ತೆ ಚಾಲೂ ಮಾಡುವ ಮೊದಲು ಏನು ನೋಡಬೇಕು?

ಉತ್ತರ: ಮೊದಲು ಡಾಂಗಲ್ ಹುಡುಕಿ. ಕಾರ್ಟ್ರಿಡ್ಜ್ ಕಿಂಡಿಗೆ ಸಿಕ್ಕಿಸುವ ಪುಟ್ಟ ಡಬ್ಬಿ ಅದು. ಮೂಲ ಕ್ಯೂಬೇಸ್ ಮತ್ತು ನೊಟೇಟರ್ ಅದಿಲ್ಲದೆ ನಡೆಯುವುದಿಲ್ಲ. ಚಿಕ್ಕಪ್ಪನ ಸಾಮಾನಿನಲ್ಲಿ ಗುರುತು ಸಿಗದ ಯಾವ ಪ್ಲಾಸ್ಟಿಕ್ ಡಬ್ಬಿಯನ್ನೂ ಎಸೆಯಬೇಡಿ, ದಯವಿಟ್ಟು. ಯಂತ್ರದೊಳಗಿನ ವಿದ್ಯುತ್ ಘಟಕದ ಕೆಪಾಸಿಟರ್‌ಗಳನ್ನು ಬಲ್ಲವರಿಂದ ಪರೀಕ್ಷಿಸಿಯೇ ಪ್ಲಗ್ ಹಾಕಿ.

ಚಾಲೂ ಆದೊಡನೆ ಹೊಸ ಹಾಡು ಶುರುಮಾಡಬೇಡಿ. ಹಳೆಯ ಫ್ಲಾಪಿಗಳು ಯಾವ ದಿನ ಬೇಕಾದರೂ ಕೈಕೊಡುತ್ತವೆ. ಪಿಸಿಯಲ್ಲಿ 720 ಕಿಲೋಬೈಟ್‌ಗೆ ಫಾರ್ಮ್ಯಾಟ್ ಮಾಡಿದ ಒಂದು ಡಿಸ್ಕನ್ನು ಅಟಾರಿಗೆ ಹಾಕಿ, ಚಿಕ್ಕಪ್ಪನ ಒಂದೊಂದು ರಚನೆಯನ್ನೂ ಸ್ಟಾಂಡರ್ಡ್ ಮಿಡಿ ಫೈಲ್ ಆಗಿ ಅದಕ್ಕೆ ಇಳಿಸಿಕೊಳ್ಳಿ. ಆ ಫೈಲುಗಳು ನಿಮ್ಮ ಲ್ಯಾಪ್‌ಟಾಪಿನಲ್ಲೂ ತೆರೆಯುತ್ತವೆ. ಆದರೆ ಫೈಲಿನಲ್ಲಿ ಸ್ವರಗಳಿರುತ್ತವೆಯೇ ಹೊರತು ನಾದವಿರುವುದಿಲ್ಲ. ಅವರು ಯಾವ ಸಿಂಥಸೈಜರ್‌ನ ಯಾವ ಧ್ವನಿಯನ್ನು ಬಳಸಿದ್ದರೆಂಬುದಕ್ಕೆ ಫ್ಲಾಪಿಯ ಲೇಬಲ್, ಟಿಪ್ಪಣಿ ಪುಸ್ತಕ ಏನಿದ್ದರೂ ಜೊತೆಗೇ ಫೋಟೋ ತೆಗೆದಿಟ್ಟುಕೊಳ್ಳಿ.