ಯಾರು ಯಾರಿಗೆ ಏನು ಹೇಳಿದರು? ಬರೆಯಿರಿ

ನಮಸ್ಕಾರ. ಮನಃಶಾಸ್ತ್ರ, ಸಮಾಜಕಾರ್ಯ, ನರ್ಸಿಂಗ್ ವಿದ್ಯಾರ್ಥಿಗಳು ಬೇರೆ ವೃತ್ತಿಯವರ ಜೊತೆ ಕೆಲಸ ಮಾಡುವುದನ್ನು ಓದುವಾಗಲೇ ಕಲಿಯಬೇಕೆಂಬ ನಿಮ್ಮ ಲೇಖನ ಓದಿದೆ. ವಿಷಯ ನಮಗೆ ಬೇಕಾದದ್ದೇ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ‘ಸಮನ್ವಯ’ ಪುಟಪುಟಕ್ಕೂ ಬರುತ್ತದೆ. ಯಾರು ಯಾರಿಗೆ ಏನು ಹೇಳಿದರು ಎಂಬುದು ಒಮ್ಮೆಯೂ ಬರುವುದಿಲ್ಲ.

ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಉಪನ್ಯಾಸ ಕೊಡುವುದನ್ನೇ ನೀವು ತರಬೇತಿ ಎಂದಿದ್ದೀರಿ. ಅದರಿಂದ ಪರಿಚಯವಾದೀತು, ಕೆಲಸ ಬಾರದು. ಒಬ್ಬರು ಕಂಡದ್ದು ಇನ್ನೊಬ್ಬರ ತೀರ್ಮಾನ ಬದಲಿಸುವ ಕಡೆ ವಿದ್ಯಾರ್ಥಿಯನ್ನು ನಿಲ್ಲಿಸಬೇಕು.

ಮನಸ್ಥಿತಿಯ ತೀವ್ರ ಏರುಪೇರಿಗೆ ಕೊಡುವ ಲಿಥಿಯಂ ತೆಗೆದುಕೊಳ್ಳುತ್ತಿರುವವರೊಬ್ಬರು ಮಂಡಿನೋವಿಗೆ ಬೇರೆ ಡಾಕ್ಟರ ಹತ್ತಿರ ಡೈಕ್ಲೋಫೆನಾಕ್ ಬರೆಸಿಕೊಂಡರು ಎನ್ನಿ. ಈ ನೋವಿನ ಮಾತ್ರೆಯಿಂದ ಮೂತ್ರಪಿಂಡ ಲಿಥಿಯಂ ಹೊರಹಾಕುವುದು ಕಡಿಮೆಯಾಗಿ ರಕ್ತದಲ್ಲಿ ಅದರ ಮಟ್ಟ ಏರಬಹುದು. ಮನೆಭೇಟಿಗೆ ಹೋದ ಸಮಾಜಕಾರ್ಯದ ವಿದ್ಯಾರ್ಥಿನಿಗೆ ಕಾಣುವುದು ಲೋಟ ಹಿಡಿದ ಕೈಯ ನಡುಕ, ತೊದಲು ಮಾತು. ಕೇಳಿದರೆ ಭೇದಿಯೂ ಇದೆ. ಲಿಥಿಯಂ ಅತಿಯಾಗಿರಬಹುದೆಂಬುದಕ್ಕೆ ಸೂಚನೆಗಳಿವು. ‘ಆತಂಕ ಹೆಚ್ಚಿದೆ’ ಎಂದು ಬರೆದುಕೊಂಡು ಮುಂದಿನ ವಾರ ಹೇಳಿದರೆ ಜೀವಕ್ಕೇ ಅಪಾಯ. ಅಲ್ಲಿಂದಲೇ ಲಿಥಿಯಂ ಬರೆದ ಡಾಕ್ಟರಿಗೆ ಫೋನ್ ಮಾಡಿ ಹೇಳಬೇಕು: ರೋಗಿ ಯಾರು, ಯಾವ ಮಾತ್ರೆ ಎಷ್ಟು ದಿನದಿಂದ, ಈಗ ಏನು ಕಾಣುತ್ತಿದೆ, ನಿಮ್ಮಿಂದ ಏನಾಗಬೇಕು. ವಿದ್ಯಾರ್ಥಿಗಳು ನುಂಗಿಕೊಳ್ಳುವುದು ಈ ಕೊನೆಯದನ್ನೇ. ಡಾಕ್ಟರಿಗೆ ‘ಇವತ್ತೇ ನೋಡಬೇಕು, ರಕ್ತ ಪರೀಕ್ಷೆ ಆಗಬೇಕು’ ಎನ್ನಲು ಸಂಕೋಚ. ಆ ಸಂಕೋಚ ಬಿಡಿಸುವುದೇ ತರಬೇತಿಯ ದೊಡ್ಡ ಪಾಲು. ನಿಮ್ಮ ಲೇಖನದಲ್ಲಿ ಆಸ್ಪತ್ರೆಯ ಮೇಲು-ಕೀಳಿನ ಪ್ರಸ್ತಾಪವೇ ಇಲ್ಲ.

ಒಂದು ತಪ್ಪು ತಿದ್ದಲೇಬೇಕು. ಪಿಎಚ್‌ಕ್ಯೂ-9 ಎಂಬ, ಖಿನ್ನತೆಯ ಸುಳಿವು ಹುಡುಕುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 10 ಅಂಕ ಬಂದರೆ ಖಿನ್ನತೆ ಖಚಿತ ಎಂದಿದ್ದೀರಿ. 27ಕ್ಕೆ 10 ಅಥವಾ ಹೆಚ್ಚು ಬಂದರೆ ಕೂಲಂಕಷವಾಗಿ ನೋಡಬೇಕು ಎಂದಷ್ಟೇ ಅರ್ಥ. ಒಂಬತ್ತನೆಯ ಪ್ರಶ್ನೆ ಸಾವಿನ, ಸ್ವಹಾನಿಯ ಯೋಚನೆ ಕುರಿತದ್ದು. ಒಟ್ಟು 6 ಬಂದಿದ್ದರೂ, ಆ ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರವಿದ್ದರೆ ರೋಗಿ ಹೊರಡುವ ಮೊದಲೇ ಒಬ್ಬರು ಕೂತು ವಿಚಾರಿಸಬೇಕು. ಆ ಒಬ್ಬರು ಯಾರೆಂದು ಬೆಳಿಗ್ಗೆಯೇ ಗೊತ್ತಾಗಿರಬೇಕು. ಇಲ್ಲದಿದ್ದರೆ ಸೈಕಾಲಜಿಸ್ಟ್ ಕೇಳಿರುತ್ತಾರೆಂದು ನರ್ಸ್, ಡಾಕ್ಟರ್ ಕೇಳುತ್ತಾರೆಂದು ಸೈಕಾಲಜಿಸ್ಟ್ ಸುಮ್ಮನಾಗುತ್ತಾರೆ. ಇದನ್ನು ವಿವರವಾಗಿ ಬರೆಯಿರಿ.

ಉದಾಹರಣೆಗಳೆಲ್ಲ ಅಮೆರಿಕದವು. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ತಲುಪಿಸುವ ಪ್ರಯೋಗ ನಡೆಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅದನ್ನು ಬಿಟ್ಟು ಕನ್ನಡದಲ್ಲಿ ಈ ಲೇಖನ ಬರೆಯುವುದು ಸರಿಯಲ್ಲ.

ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ‘ಮನೋಚೈತನ್ಯ’ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಅನುಮತಿ ಪಡೆದು ಹೋಗಿ. ರೋಗಿಗಳ ಗುರುತು ಬರೆದುಕೊಳ್ಳಬೇಡಿ. ಚೀಟಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ ಗಮನಿಸಿ. ಅಲ್ಲಿಂದ ಶುರುಮಾಡಿ, ಮೊದಲೆರಡು ಪುಟ ತೆಗೆದು, 1,200 ಪದಗಳೊಳಗೆ ಮತ್ತೆ ಕಳಿಸಿ. ಖಂಡಿತ ಓದುತ್ತೇನೆ.