ಮೊದಲು ಕಂಡ ಊರು, ಹುಟ್ಟಿದ ಊರು

ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬರೆದಿದ್ದಾರೆ: ‘ಕೋವಿಡ್ ಕಾಲದಲ್ಲಿ ನಮ್ಮ ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಜ್ವರ ಬಂದವರು ತಾವಾಗಿಯೇ ಬಂದು ಹೇಳಿದರು, ಹದಿನಾಲ್ಕು ದಿನ ಊಟ ಕಳಿಸಿದೆವು. ಕೇರಳ ಗಡಿಯ ಮಾಕುಟ್ಟ ಗೇಟಿನಲ್ಲೂ ತಡೆದರು. ಆದರೂ ರೂಪಾಂತರಿಗಳು ಬಂದವು. ಒಮಿಕ್ರಾನ್ ಹಬ್ಬಿಸಿದ ದಕ್ಷಿಣ ಆಫ್ರಿಕಾದ ವಿಮಾನಗಳನ್ನು ಇನ್ನೂ ಮೊದಲೇ ನಿಲ್ಲಿಸಬೇಕಿತ್ತಲ್ಲವೇ?’

ಸರ್, 2021ರಲ್ಲಿ ಆ ಗೇಟಿನಲ್ಲಿ ನಾನೂ ನಿಂತಿದ್ದೆ. ಮಳೆಗೆ ಮೆತ್ತಗಾದ ಆರ್‌ಟಿ-ಪಿಸಿಆರ್ ಚೀಟಿಗೆ ಪೊಲೀಸರು ಟಾರ್ಚ್ ಬಿಟ್ಟು, 72 ಗಂಟೆ ದಾಟಿದೆಯೋ ಎಂದು ಬೆರಳು ಮಡಚಿ ಎಣಿಸುತ್ತಿದ್ದರು. ಆ ಚೀಟಿಯಲ್ಲಿ ಇರುವುದು ಸೋಂಕು ಉಂಟೋ ಇಲ್ಲವೋ ಎಂಬುದಷ್ಟೇ. ಯಾವ ರೂಪಾಂತರಿ ಎಂದು ತಿಳಿಯಲು ವೈರಸ್ಸಿನ ಆನುವಂಶಿಕ ಬರಹದ ಸುಮಾರು 30,000 ಅಕ್ಷರಗಳನ್ನು ಸಾಲಾಗಿ ಓದಬೇಕು.

ನಮ್ಮ ಮೈಯೊಳಗೆ ವೈರಸ್ ತನ್ನ ನಕಲು ತೆಗೆಯುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಬಹುಪಾಲು ತಪ್ಪುಗಳಿಂದ ಅದಕ್ಕೆ ಲಾಭವಿಲ್ಲ. ಯಾವುದೋ ಒಂದು, ಬೇಗ ಅಂಟಲಿಕ್ಕೋ ನಮ್ಮ ನಿರೋಧಕ ಶಕ್ತಿಯ ಕಣ್ಣು ತಪ್ಪಿಸಲಿಕ್ಕೋ ಒದಗಿತೆಂದರೆ ಅದರ ಸಂತಾನವೇ ಮೇಲುಗೈ. ಕಾಫಿಯವರಿಗೆ ಇದು ಹೊಸದಲ್ಲ. ಎಲೆ ತುಕ್ಕು ರೋಗವನ್ನು ತಡೆಯುತ್ತದೆಂದು ಹಿಂದಿನವರು ನಂಬಿ ನೆಟ್ಟ ಕೆಂಟ್ಸ್ ತಳಿಯ ಕಾಫಿ ಗಿಡಗಳಿಗೆ ಕೊನೆಗೆ ತುಕ್ಕಿನ ಇನ್ನೊಂದು ಬಗೆ ಹತ್ತಲಿಲ್ಲವೇ? ಸೋಂಕು ಹೆಚ್ಚು ಜನರಲ್ಲಿ ಹರಿದಷ್ಟೂ ನಕಲು ಹೆಚ್ಚು, ತಪ್ಪೂ ಹೆಚ್ಚು. ನಿರೋಧಕ ಶಕ್ತಿ ಕುಂದಿದವರಲ್ಲಿ ತಿಂಗಳುಗಟ್ಟಲೆ ಉಳಿದ ವೈರಸ್ಸಿನಲ್ಲಿ ಹಲವು ಬದಲಾವಣೆ ಒಟ್ಟುಗೂಡಿದ್ದನ್ನೂ ವೈದ್ಯರು ಕಂಡಿದ್ದಾರೆ.

ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಅಕ್ಷರ ಓದುವ ಆ ಕೆಲಸವನ್ನು ಬಿಡದೆ ಮಾಡುತ್ತಿದ್ದರು. ಆದ್ದರಿಂದಲೇ 2021ರ ನವೆಂಬರ್ 24ರಂದು ಆ ದೇಶ ವಿಶ್ವ ಆರೋಗ್ಯ ಸಂಸ್ಥೆಗೆ ಒಮಿಕ್ರಾನ್ ಸುದ್ದಿ ಮುಟ್ಟಿಸಿತು. ಒಂದೆರಡು ದಿನದಲ್ಲೇ ಹಲವು ದೇಶಗಳು ಅಲ್ಲಿಂದ ಬರುವ ವಿಮಾನಗಳನ್ನು ನಿಲ್ಲಿಸಿದವು. ಆದರೆ ನೆದರ್ಲೆಂಡ್ಸ್‌ನಲ್ಲಿ ನವೆಂಬರ್ 19ರಂದೇ ತೆಗೆದಿದ್ದ ಮಾದರಿಯಲ್ಲಿ ಒಮಿಕ್ರಾನ್ ಇದ್ದದ್ದು ಆಮೇಲೆ ಗೊತ್ತಾಯಿತು. ಡಿಸೆಂಬರ್ 2ರಂದು ನಮ್ಮ ದೇಶದ ಮೊದಲ ಎರಡು ಪ್ರಕರಣ ಬೆಂಗಳೂರಿನಲ್ಲಿ ಪ್ರಕಟವಾದವು. ಅದರಲ್ಲಿ ಒಬ್ಬರು ವಿದೇಶಕ್ಕೇ ಹೋಗಿರದ ವೈದ್ಯರು. ಮೊದಲು ಕಂಡದ್ದು ಅಲ್ಲಿ ಎಂದ ಮಾತ್ರಕ್ಕೆ ಹುಟ್ಟಿದ್ದೂ ಅಲ್ಲೇ ಎನ್ನಲಾಗದು, ಸರ್.

ಡೆಲ್ಟಾ ಮೊದಲು ಗುರುತಾದದ್ದು ಭಾರತದಲ್ಲಿ. ಅದಕ್ಕೆ ನಮ್ಮ ದೇಶದ ಹೆಸರು ಅಂಟಿಸಿ ಕರೆದಾಗ ನಮಗೆಷ್ಟು ನೋವಾಯಿತು! 2021ರ ಮೇ ಕೊನೆಗೆ ಗ್ರೀಕ್ ಅಕ್ಷರಗಳ ಹೆಸರು ಬಂದದ್ದು ಇಂಥ ದೂಷಣೆ ತಪ್ಪಲೆಂದೂ ಹೌದು.

ಗಡಿಯ ತಡೆ ಬೇಡವೆನ್ನಲಾರೆ. ಲಸಿಕೆ ಹಾಕಿಸಲು, ಆಕ್ಸಿಜನ್ ಹೊಂದಿಸಲು ಅದರಿಂದ ನಾಲ್ಕು ದಿನ ಸಿಗುತ್ತದೆ. ಆದರೆ ನಿಮ್ಮ ಲೈನ್‌ಮನೆಯವರು ಜ್ವರ ಮುಚ್ಚಿಡದೆ ಬಂದು ಹೇಳಿದಾಗ ನೀವು ಬೈಯಲಿಲ್ಲ, ಊಟ ಕಳಿಸಿದಿರಿ. ದಕ್ಷಿಣ ಆಫ್ರಿಕಾದವರ ಪರವಾಗಿಯೂ ನಾನು ಕೇಳುವುದು ಅಷ್ಟನ್ನೇ.