ಕುರ್ಚಿಗಿಂತ ಮೊದಲು ಮಗುವಿನ ಕಾಲು ಅಳೆಯಿರಿ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಊಟದ ಟೇಬಲ್ಲಿನ ಮೇಲೆಯೇ ಹೋಂವರ್ಕ್ ಮಾಡುತ್ತಾಳೆ. ಹತ್ತು ನಿಮಿಷ ಆಗುವಷ್ಟರಲ್ಲಿ ಕಾಲು ಮೇಲೆಳೆದುಕೊಂಡು ಕುರ್ಚಿಯ ಮೇಲೆ ಮೊಣಕಾಲೂರುತ್ತಾಳೆ. ಆಮೇಲೆ ಎಡತೋಳಿನ ಮೇಲೆ ತಲೆ ಇಟ್ಟುಕೊಂಡು ಬರೆಯುತ್ತಾಳೆ. ನೆಟ್ಟಗೆ ಕೂತ್ಕೋ ಅಂತ ಹೇಳಿ ಹೇಳಿ ಸಾಕಾಗಿದೆ. ನಮ್ಮ ಯಜಮಾನರ ಚಕ್ರದ ಕುರ್ಚಿ ಕೊಟ್ಟು ನೋಡಿದೆವು, ಅದೇ ಕಥೆ. ಅಂಗಡಿಯಲ್ಲಿ ಮಕ್ಕಳ ಎರ್ಗೊನಾಮಿಕ್ ಕುರ್ಚಿಗೆ ಹದಿನಾಲ್ಕು ಸಾವಿರ ಹೇಳಿದರು. ತೆಗೆದುಕೊಳ್ಳೋದಾ? ಬೆನ್ನು ಗೂನಾಗುತ್ತದೆ ಅಂತ ನಮ್ಮತ್ತೆಗೆ ಭಯ.
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ಮಗಳು ಹಟಕ್ಕೆ ಹಾಗೆ ಕೂರುತ್ತಿಲ್ಲಮ್ಮ. ಅವಳ ಪಾದಕ್ಕೆ ನೆಲ ಸಿಗುತ್ತಿಲ್ಲ, ಅದಕ್ಕೆ ಕುರ್ಚಿಯ ಸೀಟನ್ನೇ ನೆಲ ಮಾಡಿಕೊಂಡಿದ್ದಾಳೆ. ದಯವಿಟ್ಟು ಇವತ್ತಿನಿಂದ ಬೈಯುವುದು ನಿಲ್ಲಿಸಿ. ಹದಿನಾಲ್ಕು ಸಾವಿರವನ್ನೂ ಸದ್ಯಕ್ಕೆ ಹಾಗೇ ಇಟ್ಟುಕೊಳ್ಳಿ.

ಇದು ನನಗೆ ಓದಿನಿಂದ ಗೊತ್ತಾಗಬೇಕಿತ್ತು. ಗೊತ್ತಾಗಿದ್ದು ಮನೆಯಲ್ಲಿ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ನನ್ನ ಮಗಳಿಗೂ ಹೆಚ್ಚುಕಡಿಮೆ ಇದೇ ವಯಸ್ಸು. ಒಳ್ಳೆಯ ಹೈಡ್ರಾಲಿಕ್ ಕುರ್ಚಿ ತರಿಸಿಕೊಟ್ಟು ನಿಶ್ಚಿಂತೆಯಾಗಿದ್ದೆ. ಒಂದು ಸಂಜೆ ಸ್ನಾನ ಮಾಡಿಸುವಾಗ ನೋಡುತ್ತೇನೆ, ಎರಡೂ ಮೊಣಕಾಲಿನ ಹಿಂದೆ ಅಡ್ಡಕ್ಕೆ ಒಂದೊಂದು ಕೆಂಪು ಗೆರೆ. ಸೀಟಿನ ಅಂಚಿಗೆ ಹೊಲಿದಿದ್ದ ದಪ್ಪ ಪೈಪಿಂಗಿನ ಅಚ್ಚು ಅದು. ಹೊಲಿಗೆಯ ಚುಕ್ಕಿಗಳು ಕೂಡ ಎಣಿಸುವ ಹಾಗೆ ಕಾಣುತ್ತಿದ್ದವು. ದಿನವಿಡೀ ಬೇರೆ ಮಕ್ಕಳ ಬೆನ್ನು, ಕಾಲು ನೋಡುವ ಫಿಸಿಯೋಥೆರಪಿಸ್ಟ್ ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ಕಾಲು ಜೋತುಬಿದ್ದರೆ ಕಾಲಿನ ಭಾರವೆಲ್ಲ ತೊಡೆಯ ಕೆಳಗೆ ಆ ಅಂಚಿನ ಮೇಲೆ ಬೀಳುತ್ತದೆ. ಅಲ್ಲಿನ ನರ, ರಕ್ತನಾಳ ಒತ್ತಿಹೋಗಿ ಕಾಲು ಜುಮ್ಮೆನ್ನುತ್ತದೆ. ಮಗು ಮುಂದಕ್ಕೆ ಜಾರುತ್ತದೆ, ಸೊಂಟ ಹಿಂದಕ್ಕೆ ಮಗುಚುತ್ತದೆ, ಬೆನ್ನು ಬಿಲ್ಲಾಗುತ್ತದೆ. ಬೆನ್ನು ಬಾಗುವುದು ಕೊನೆಯಲ್ಲಿ. ಶುರುವಾಗುವುದು ಪಾದದಿಂದ.

ಈಗ ಅಳತೆ ಟೇಪು ತನ್ನಿ. ಮಗಳನ್ನು ಬರಿಗಾಲಲ್ಲಿ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ. ಪಾದ ಪೂರ್ತಿ ನೆಲ ಮುಟ್ಟಲಿ, ಮೊಣಕಾಲು ಮೂಲೆಮಟ್ಟದ ಹಾಗೆ ಮಡಿಸಿರಲಿ. ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಎಷ್ಟಿದೆ ನೋಡಿ. ಅಷ್ಟೇ ಅವಳ ಸೀಟಿನ ಎತ್ತರ. ಆಮೇಲೆ ಭುಜ ಸಡಿಲ ಬಿಟ್ಟು ಮೊಣಕೈ ಮಡಿಸಲಿ. ಸ್ಟೂಲಿನಿಂದ ಮೊಣಕೈಯವರೆಗಿನ ಎತ್ತರವನ್ನೂ ಬರೆದುಕೊಳ್ಳಿ. ಟೇಬಲ್ಲು ಆ ಮೊಣಕೈ ಮಟ್ಟಕ್ಕೆ, ಇಲ್ಲವೇ ಎರಡು ಬೆರಳಷ್ಟು ಮೇಲಕ್ಕೆ ಇರಬೇಕು.

ಸುಮಾರು 125 ಸೆಂ.ಮೀ. ಎತ್ತರದ ಮಗುವಿಗೆ ಮೊದಲ ಅಳತೆ 32, ಎರಡನೆಯದು 18 ಸೆಂ.ಮೀ. ಆಸುಪಾಸು ಬರುತ್ತದೆ. ಅಂದರೆ ಸೀಟು 32, ಟೇಬಲ್ಲು 50ರಿಂದ 53. ನಿಮ್ಮ ಊಟದ ಟೇಬಲ್ಲು 75 ಸೆಂ.ಮೀ. ಇರುತ್ತದೆ. ಯಜಮಾನರ ಕುರ್ಚಿಯನ್ನು ಪೂರ್ತಿ ಇಳಿಸಿದರೂ 42ರ ಕೆಳಗೆ ಹೋಗುವುದು ಅಪರೂಪ. ಎರಡೂ ಅವಳದ್ದಲ್ಲ. ಅಂಗಡಿಯ ಆ ದುಬಾರಿ ಕುರ್ಚಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ಇದೇ ಟೇಬಲ್ಲಿನ ಮುಂದೆ ತಗ್ಗಿಸಿಟ್ಟರೆ ಟೇಬಲ್ಲು ಅವಳ ಎದೆ ದಾಟಿ ಭುಜದ ಹತ್ತಿರ ಬರುತ್ತದೆ. ಆಗ ಭುಜ ಕಿವಿಯ ಕಡೆ ಏರುತ್ತದೆ. ತೋಳಿನ ಮೇಲೆ ತಲೆ ಇಡುವುದು ಅದಕ್ಕೇ.

ಹಾಗಾಗಿ ಲೆಕ್ಕವನ್ನು ಟೇಬಲ್ಲಿನಿಂದ ಶುರು ಮಾಡಿ. ಟೇಬಲ್ಲು ಬದಲಾಯಿಸಲು ಆಗದಿದ್ದರೆ ಮಗಳನ್ನು ಅದರ ಎತ್ತರಕ್ಕೆ ಏರಿಸಬೇಕು, ಅವಳ ಜೊತೆ ನೆಲವನ್ನೂ ಏರಿಸಬೇಕು. 75ರಲ್ಲಿ ಮೊಣಕೈಯ 18, ಎರಡು ಬೆರಳಿನ 3 ಕಳೆದು ಸೀಟು 54ಕ್ಕೆ ಬಂದರೆ ಕಾಲ ಕೆಳಗೆ 22 ಸೆಂ.ಮೀ. ಎತ್ತರದ ಪೆಟ್ಟಿಗೆ ಬೇಕು. ಊಟದ ಮಣೆ ಸಾಲದು. ಬಚ್ಚಲುಮನೆಯ ಪ್ಲಾಸ್ಟಿಕ್ ಸ್ಟೂಲು ಎತ್ತರಕ್ಕೆ ಸರಿಹೋದೀತು, ಆದರೆ ಅಗಲ ಕಡಿಮೆ, ಜಾರುತ್ತದೆ. ಕಾರ್ಪೆಂಟರ್ ಹತ್ತಿರ ಪ್ಲೈವುಡ್ಡಿನಲ್ಲಿ 40 ಸೆಂ.ಮೀ. ಉದ್ದ, 30 ಅಗಲದ ಪೆಟ್ಟಿಗೆ ಮಾಡಿಸಿ, ಅಡಿಗೆ ರಬ್ಬರ್ ಹಾಕಿಸಿ. ಮಗು ಪಾದ ಅತ್ತಿತ್ತ ಸರಿಸುತ್ತದೆ, ಸರಿಸಲೇಬೇಕು, ಅದಕ್ಕೆ ಜಾಗ ಇರಲಿ. ಈ ಎತ್ತರಕ್ಕೆ ಚಕ್ರದ ಕುರ್ಚಿ ಮಾತ್ರ ಬೇಡ. ಅಲುಗದ ನಾಲ್ಕು ಕಾಲಿನ ಗಟ್ಟಿ ಕುರ್ಚಿಯ ಮೇಲೆ ಗಟ್ಟಿ ದಿಂಬು ಕಟ್ಟಿ ಏರಿಸಿ. ಮೆತ್ತಗಿನ ದಿಂಬಾದರೆ ಕೂತಾಗ ಕುಸಿದು ನಿಮ್ಮ ಲೆಕ್ಕ ತಪ್ಪಿಸುತ್ತದೆ.

ನಾರ್ವೆಯ ವಿನ್ಯಾಸಕಾರ ಪೀಟರ್ ಓಪ್ಸ್ವಿಕ್ ಅವರಿಗೂ ಇದೇ ತೊಂದರೆ ಬಂದಿತ್ತು. ಅವರ ಪುಟ್ಟ ಮಗ ಮಗುವಿನ ಕುರ್ಚಿಗೆ ದೊಡ್ಡವನಾಗಿದ್ದ, ದೊಡ್ಡವರ ಕುರ್ಚಿಯಲ್ಲಿ ಕೂರಿಸಿದರೆ ಕಾಲು ಜೋತಾಡುತ್ತಿತ್ತು. 1972ರಲ್ಲಿ ಬಂದ ಅವರ ಟ್ರಿಪ್ ಟ್ರ್ಯಾಪ್ ಕುರ್ಚಿಯಲ್ಲಿ ಕೂರುವ ಹಲಗೆ ಒಂದು, ಕಾಲಿಡುವ ಹಲಗೆ ಇನ್ನೊಂದು. ಎರಡನ್ನೂ ಪಕ್ಕದ ಮರದಲ್ಲಿ ಕೊರೆದ ಸೀಳುಗಳಲ್ಲಿ ಬೇಕಾದ ಎತ್ತರಕ್ಕೆ ಸರಿಸಬಹುದು. ಮನೆಯ ಟೇಬಲ್ಲು ಇದ್ದಲ್ಲೇ ಇರುತ್ತದೆ. ನಿಮ್ಮ ಕಾರ್ಪೆಂಟರಿಗೆ ಆ ಆಲೋಚನೆ ಹೇಳಿದರೆ ಅವರಿಗೆ ಥಟ್ಟನೆ ಅರ್ಥವಾಗುತ್ತದೆ.

ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. ಅಟ್ಟದ ಮೇಲೆ ಹಳೆಯ ಮರದ ಟೇಬಲ್ಲು ಇದ್ದರೆ ಅದರ ಕಾಲು ಕೊಯ್ಯಿಸಿ. ಜೊತೆಗೊಂದು ಗಿಡ್ಡ ಕುರ್ಚಿ. ಕೊಯ್ದ ತುಂಡುಗಳನ್ನು ಎಸೆಯಬೇಡಿ, ಎರಡು ವರ್ಷ ಬಿಟ್ಟು ಅವನ್ನೇ ಅಡಿಗೆ ಜೋಡಿಸಬಹುದು.

ಕುರ್ಚಿ ಕೊಳ್ಳುವುದೇ ಆದರೆ ಮಗಳನ್ನು ಕರೆದುಕೊಂಡೇ ಅಂಗಡಿಗೆ ಹೋಗಿ. ಡಬ್ಬದ ಮೇಲಿನ ವಯಸ್ಸು ನಂಬಬೇಡಿ. ಒಂದೇ ಕ್ಲಾಸಿನ ಮಕ್ಕಳಲ್ಲೇ ಗೇಣುದ್ದದ ವ್ಯತ್ಯಾಸ ಇರುತ್ತದೆ, ಅಲ್ವಾ? ಯುರೋಪಿನ ಶಾಲಾ ಕುರ್ಚಿಗಳ ನಿಯಮದಲ್ಲಿ ವಯಸ್ಸಿನ ಬದಲು ಮಗುವಿನ ಎತ್ತರ ನೋಡುತ್ತಾರೆ. ಸೀಟುಗಳು 31, 35, 38, 43, 46 ಸೆಂ.ಮೀ. ಹೀಗೆ ಏರುತ್ತಾ ಹೋಗುತ್ತವೆ, ಒಂದೊಂದಕ್ಕೆ ಒಂದೊಂದು ಬಣ್ಣದ ಗುರುತು. ನಮ್ಮಲ್ಲಿ ಐದನೇ ಕ್ಲಾಸಿನವರೂ ಹತ್ತನೆಯವರೂ ಒಂದೇ ಅಳತೆಯ ಬೆಂಚಿನಲ್ಲಿ ಕೂತಿರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಂಗಡಿಯಲ್ಲಿ ಮಗಳ ಸೊಂಟ ಹಿಂದಕ್ಕೆ ಪೂರ್ತಿ ತಾಗುವ ಹಾಗೆ ಕೂರಿಸಿ. ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ನಿಮ್ಮ ಎರಡು ಮೂರು ಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಸೀಟು ಉದ್ದವಾಯಿತು. ಮನೆಯಲ್ಲಿರುವ ಕುರ್ಚಿಗೆ ಇದೇ ತೊಂದರೆ ಇದ್ದರೆ ಹಳೆಯ ಬೆಡ್‌ಶೀಟನ್ನು ಬಿಗಿಯಾಗಿ ಮಡಿಸಿ ಬೆನ್ನಿನ ಹಿಂದೆ ಕಟ್ಟಿ. ಕುರ್ಚಿಯ ಕೈ ಟೇಬಲ್ಲಿಗೆ ತಾಗಿ ಕುರ್ಚಿ ಒಳಗೆ ಹೋಗದಿದ್ದರೆ ಮಗು ಮುಂದಕ್ಕೆ ಬಗ್ಗಿಯೇ ಬರೆಯುತ್ತದೆ. ಮಕ್ಕಳಿಗೆ ಕೈ ಇಲ್ಲದ ಕುರ್ಚಿಯೇ ಸರಿ. ಲಿವರ್ ಎಳೆಯುವ ಕುರ್ಚಿಯಾದರೆ ಒಂದು ವಿಷಯ ಗಮನಿಸಿ. ದೊಡ್ಡವರಿಗಾಗಿ ಮಾಡಿದ ಗ್ಯಾಸ್ ಪಂಪು ಮಗುವಿನ ಭಾರಕ್ಕೆ ಕೆಳಗಿಳಿಯುವುದಿಲ್ಲ. ಮಗು ಎಳೆಯುತ್ತದೆ, ಇಳಿಯುವುದಿಲ್ಲ, ಹಾಗೇ ಬಿಟ್ಟುಬಿಡುತ್ತದೆ. ನೀವು ಕೂತು ಇಳಿಸಿಕೊಡಬೇಕು.

ಎಲ್ಲ ಸರಿಮಾಡಿದ ಮೇಲೂ ಅವಳು ಅಲುಗಾಡುತ್ತಾಳೆ. ಅಲುಗಾಡಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ, ಹಿತ್ತಲಿಗೆ ಹೋಗಿ ಬರಲಿ. ಆರು ತಿಂಗಳಿಗೊಮ್ಮೆ ಮತ್ತೆ ಟೇಪು ಹಿಡಿಯಿರಿ.

ನಿಮ್ಮತ್ತೆಯವರಿಗೆ ಹೇಳಿ, ಹೀಗೆ ಕೂತರೆ ಗೂನು ಬರುವುದಿಲ್ಲ. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೆನ್ನುನೋವು, ನೋವಿನ ಜೊತೆ ಜ್ವರ, ಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಬಗ್ಗಿದಾಗ ಬೆನ್ನಿನ ಒಂದು ಕಡೆ ಉಬ್ಬು ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಕುರ್ಚಿಯ ಯೋಚನೆ ಬಿಟ್ಟು ಮೂಳೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನನ್ನ ಮೊಮ್ಮಗ ಆರನೇ ಕ್ಲಾಸು, ನಮ್ಮ ಜೊತೆಯೇ ಇದ್ದಾನೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಇಳಿಜಾರು ಡೆಸ್ಕಿನ ಮೇಲೆ ಬರೆಯುತ್ತಾನೆ. ಬೆಂಗಳೂರಿನಲ್ಲಿರುವ ಮಗ, ಇದೆಲ್ಲ ಹಳೇ ಕಾಲದ್ದು, ಡೆಸ್ಕು ಯಾರಿಗಾದರೂ ಕೊಟ್ಟು ಕುರ್ಚಿ ತೆಗೆಸಿ ಅನ್ನುತ್ತಾನೆ. ಏನು ಮಾಡಲಿ?
— ಒಬ್ಬ ಅಜ್ಜ, ಶಿರಸಿ ಹತ್ತಿರದ ಹಳ್ಳಿ

ಉತ್ತರ: ಯಜಮಾನರೇ, ನಿಮ್ಮ ಡೆಸ್ಕಿನ ವಿಷಯ ಓದಿ ತುಂಬ ಖುಷಿಯಾಯಿತು. ಆ ಇಳಿಜಾರು ಪುಸ್ತಕವನ್ನು ಕಣ್ಣಿನ ಕಡೆ ಎತ್ತಿಕೊಡುತ್ತದೆ, ಕತ್ತು ಅಷ್ಟು ಕಡಿಮೆ ಬಗ್ಗುತ್ತದೆ. ಈಗ ದುಡ್ಡು ಕೊಟ್ಟು ಇಂಥದ್ದೇ ಹಲಗೆ ತರಿಸಿಕೊಳ್ಳುವವರಿದ್ದಾರೆ. ನೆಲದ ಮೇಲೆ ಕೂರುವುದು ತಪ್ಪಲ್ಲ. ಕೆಳಗೆ ಕೂರುವ ಮಕ್ಕಳು ಕಾಲು ಬದಲಿಸುತ್ತಾರೆ, ಏಳುತ್ತಾರೆ, ಮತ್ತೆ ಕೂರುತ್ತಾರೆ. ಅವನ ಸೊಂಟದ ಕೆಳಗೆ ಒಂದು ಮಣೆ ಹಾಕಿ. ಕೂರುವ ಜಾಗ ಎರಡು ಇಂಚು ಏರಿದರೆ ಮೊಣಕಾಲು ಕೆಳಗಿಳಿದು ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಬಲಗೈಯಲ್ಲಿ ಬರೆಯುವವನಾದರೆ ಎಡಗಡೆಯಿಂದ ಬೆಳಕು ಬೀಳುವ ಹಾಗೆ ಕಿಟಕಿಯ ಹತ್ತಿರ ಕೂರಿಸಿ. ನಿಮ್ಮ ಮಗನಿಗೆ ಈ ಉತ್ತರ ಓದಿ ಹೇಳಿ.

ಡೆಸ್ಕನ್ನು ಯಾರಿಗೂ ಕೊಡಬೇಡಿ. ಈಗಲೇ ಹುಡುಗ ಬಗ್ಗಿ ಬರೆಯುತ್ತಿದ್ದರೆ ಅದು ಅವನಿಗೆ ಗಿಡ್ಡವಾಗಿದೆ ಅಂತ ಅರ್ಥ, ಅಡಿಗೆ ಎರಡು ಇಂಚಿನ ರೀಪರು ಹೊಡೆಸಿ.